ಉದ್ರಿ ಕ್ರಾಂತಿ

ಒಂದು ರವಿವಾರ ಸಂಜೆ ನಮ್ಮ ಊರಿನ ಬಸ್ ನಿಲ್ದಾಣದ ಬದಿಯ ಚಹಾದಂಗಡಿಯಲ್ಲಿ ನಾವು ನಾಲ್ವರು ಕುಳಿತು, ಸಾಹುಕಾರರ ಮನೆತನವನ್ನು ಅಧಿಕಾರದಿಂದ ಇಳಿಸಲೇಬೇಕೆಂದು ಒಮ್ಮತದಿಂದ ನಿಶ್ಚಯಿಸಿದೆವು. ಆ ಮನೆತನದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಾಗಲಿ ಅದರಾಚೆಗಾಗಲಿ ಅಂಥದ್ದೊಂದು ಮನೆತನವಿಲ್ಲದ ತಾಲೂಕು ಅಪರೂಪವಾದ್ದರಿಂದ, ಓದುವವರು ತಮ್ಮ ತಮ್ಮ ಊರಿನದನ್ನು ಸೇರಿಸಿಕೊಂಡು ಓದಿದರೆ ಸಾಕು. ನಿಶ್ಚಯವನ್ನು ಮೆಲುದನಿಯಲ್ಲಿಯೇ ಕೈಕೊಂಡೆವು, ಏಕೆಂದರೆ ಪಕ್ಕದ ಬಾಕಿನ ಮೇಲೆ ಸಾಹುಕಾರರ ಕಾರು ನಡೆಸುವವನ ಷಡ್ಡಕ ಗಿರ್ಮಿಟ್ ತಿನ್ನುತ್ತ ಕುಳಿತಿದ್ದ.

"ಮೊದಲು ಜನರನ್ನು ಎಚ್ಚರಿಸಬೇಕು" ಎಂದು ನಿವೃತ್ತ ಮಾಸ್ತರರು ಆರಂಭಿಸಿದರು. ಮೂವತ್ತು ವರ್ಷ ಏಳನೆಯ ತರಗತಿಗೆ ಪಾಠ ಹೇಳಿದ ಅವರಿಗೆ ಮತದಾರರೆಲ್ಲರೂ ಹಿಂದಿನ ಬೆಂಚಿನಲ್ಲಿ ತೂಕಡಿಸುವ ಹುಡುಗರಂತೆಯೇ ಕಾಣುತ್ತಾರೆ.

ಕಬ್ಬಿನ ಗೌಡರಿಗೆ ಅಷ್ಟು ತಾಳ್ಮೆಯಿಲ್ಲ. "ಮಾಸ್ತರೇ, ಅವರು ಎಚ್ಚರಗೊಳ್ಳುವಷ್ಟರಲ್ಲಿ ಹಂಗಾಮು ಮುಗಿದಿರುತ್ತದೆ. ಓಣಿಗೆ ಹತ್ತು ಜನರಂತೆ ನಾವೇ ಚುನಾವಣೆಗೆ ನಿಂತುಬಿಡೋಣ. ಎಣಿಸುವವರಿಗೇ ಸಾಕಾಗಿಹೋಗಲಿ!"

ವಕೀಲರು ಕನ್ನಡಕ ಒರೆಸಿಕೊಂಡರು. "ಗೌಡರೇ, ಆ ಪ್ರಯೋಗ ನೆರೆಯ ಬೆಳಗಾವಿಯಲ್ಲಿ ಆಗಿಹೋಗಿದೆ. 1996ರ ಲೋಕಸಭಾ ಚುನಾವಣೆಯಲ್ಲಿ ಅಲ್ಲಿ 456 ಅಭ್ಯರ್ಥಿಗಳಿದ್ದರು; ಗಡಿ ವಿವಾದದ ಕಡೆಗೆ ದಿಲ್ಲಿಯ ಗಮನ ಸೆಳೆಯಲೆಂದು ನಿಂತವರೇ ಅವರಲ್ಲಿ ಹೆಚ್ಚು. ಗೆದ್ದವರು ಜನತಾದಳದ ಶಿವಾನಂದ ಕೌಜಲಗಿಯವರು. ದಿಲ್ಲಿಯ ಗಮನವೇನೋ ಹರಿಯಿತು, ಹರಿದ ಕೂಡಲೇ ಅದೇ ವರ್ಷ ಠೇವಣಿಯನ್ನು 500 ರೂಪಾಯಿಯಿಂದ 10,000ಕ್ಕೆ ಏರಿಸಿದರು. ಈಗ ಅದು 25,000, ವಿಧಾನಸಭೆಗಾದರೆ 10,000. ಸಿಂಧುವಾದ ಮತಗಳಲ್ಲಿ ಆರರಲ್ಲೊಂದು ಪಾಲಿಗಿಂತ ಹೆಚ್ಚು ಬಾರದಿದ್ದರೆ ಅದೂ ಮುಳುಗುತ್ತದೆ."

ಪ್ರೆಸ್ ನಡೆಸುವ ನನ್ನ ಕಣ್ಣ ಮುಂದೆ ಬಂದದ್ದು ಪ್ರಜಾಪ್ರಭುತ್ವವಲ್ಲ, 456 ಹೆಸರುಗಳ ಮತಪತ್ರಕ್ಕೆ ಬೇಕಾಗಿದ್ದಿರಬಹುದಾದ ಕಾಗದ. ಅಂಥ ಆರ್ಡರು ಒಂದು ಜನ್ಮದಲ್ಲಿ ಒಮ್ಮೆ ಸಿಕ್ಕರೂ ಸಾಕು.

ನೋಟಾದ, ಎಂದರೆ 'ಇವರಲ್ಲಿ ಯಾರೂ ಬೇಡ' ಎನ್ನುವ ಗುಂಡಿಯ, ಮಾತು ಬಂದಷ್ಟೇ ಬೇಗ ಹೋಯಿತು. 2013ರಿಂದ ಆ ಗುಂಡಿ ಇದೆ. 2024ರಲ್ಲಿ ಇಂದೋರಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಅದನ್ನೇ ಒತ್ತಿದರು. ಗೆದ್ದವರು ಹನ್ನೊಂದು ಲಕ್ಷಕ್ಕೂ ಮಿಕ್ಕಿದ ಅಂತರದಲ್ಲಿ ಗೆದ್ದರು. "ಬೀಗರ ಮೇಲಿನ ಸಿಟ್ಟಿಗೆ ಮದುವೆಯಲ್ಲಿ ಉಣ್ಣದೆ ಬಂದಂತೆ" ಎಂದರು ಗೌಡರು. "ಬೀಗರಿಗೆ ಒಂದು ಎಲೆ ಉಳಿತಾಯ."

ಕೊನೆಗೆ, ಊರಿಗೆ ಊರನ್ನೇ ಒಲಿಸುವ ಮೊದಲು ಒಬ್ಬ ಮತದಾರರನ್ನಾದರೂ ಒಲಿಸಿ ನೋಡೋಣವೆಂದು ಚಹಾದಂಗಡಿಯ ಅಕ್ಕನನ್ನೇ ಕರೆದೆವು. ಮಾಸ್ತರರು ಎದ್ದು ನಿಂತು, ಮತದಾನವು ಗುಪ್ತವಾದದ್ದೆಂದೂ, ಗುಂಡಿ ಒತ್ತಿದ ಮೇಲೆ ಚೀಟಿ ಏಳು ಸೆಕೆಂಡು ಮಾತ್ರ ಕಾಣಿಸಿಕೊಂಡು ಪೆಟ್ಟಿಗೆಯೊಳಗೆ ಬೀಳುವುದೆಂದೂ, ಅದನ್ನು ಅವಳ ಹೊರತು ಬೇರಾರೂ ನೋಡಲಾರರೆಂದೂ, ಆದ್ದರಿಂದ ಸಾಹುಕಾರರಿಗೆ ಅಂಜುವ ಕಾರಣವೇ ಇಲ್ಲವೆಂದೂ ಸವಿಸ್ತಾರವಾಗಿ ತಿಳಿಸಿದರು.

ಅಕ್ಕ ಸೋಸುವ ಅರಿವೆಯನ್ನು ಹಿಂಡುತ್ತಲೇ ಕೇಳಿಸಿಕೊಂಡಳು. "ಮಾಸ್ತರೇ, ನಾನು ಯಾವ ಗುಂಡಿ ಒತ್ತಿದೆನೆಂಬುದು ಯಾರಿಗೂ ತಿಳಿಯುವುದಿಲ್ಲ, ಒಪ್ಪಿದೆ. ಆದರೆ ನಮ್ಮ ಓಣಿ ಯಾವ ಗುಂಡಿ ಒತ್ತಿತೆಂಬುದು ಅವರಿಗೆ ಗೊತ್ತಾಗುತ್ತದಲ್ಲ? ಹೋದ ಸಲ ನಮ್ಮ ಸಾಲಿಯ ಬೂತಿನಲ್ಲಿ ಕಡಿಮೆ ಬಿದ್ದವೆಂದು ನಮ್ಮ ಗಟಾರದ ಮೇಲೆ ಇನ್ನೂ ಕಲ್ಲು ಬಿದ್ದಿಲ್ಲ."

ನಾವು ಮೂವರೂ ವಕೀಲರ ಮುಖ ನೋಡಿದೆವು. ಅವರು ಚಹಾ ಆರುವಷ್ಟು ಹೊತ್ತು ಸುಮ್ಮನಿದ್ದು, ಅಕ್ಕ ಹೇಳುವುದು ನಿಜವೆಂದು ಒಪ್ಪಿಕೊಂಡರು. ಹಿಂದೆ ಮತಪತ್ರಗಳಿದ್ದಾಗ ಹಲವು ಬೂತುಗಳ ಪೆಟ್ಟಿಗೆಗಳನ್ನು ಸುರಿದು, ಕಲೆಸಿ ಎಣಿಸುವ ಅವಕಾಶವಿತ್ತು. ಯಂತ್ರ ಬಂದ ಮೇಲೆ ಒಂದೊಂದು ಬೂತಿನ ಲೆಕ್ಕವೂ ಬೇರೆ ಬೇರೆಯಾಗಿ ಹೊರಬೀಳುತ್ತದೆ, ನಮೂನೆ 20 ಎಂಬ ಕಾಗದದಲ್ಲಿ ಅದು ಊರಿಗೆಲ್ಲ ತೆರೆದಿರುತ್ತದೆ. ಹಲವು ಯಂತ್ರಗಳ ಮತಗಳನ್ನು ಒಟ್ಟುಗೂಡಿಸಿ ಎಣಿಸುವ ಟೋಟಲೈಸರ್ ಎಂಬ ಸಾಧನವನ್ನು ತರೋಣವೆಂದು ಚುನಾವಣಾ ಆಯೋಗ 2008ರಲ್ಲಿಯೇ ಕೇಳಿತ್ತು, 2015ರಲ್ಲಿ ಕಾನೂನು ಆಯೋಗವೂ ಹೌದೆಂದಿತು, ಸಾಧನ ಮಾತ್ರ ಬರಲಿಲ್ಲ. ಇಷ್ಟನ್ನು ಹೇಳಲು ವಕೀಲರಿಗೆ ಎರಡು ಅರ್ಧ ಚಹಾ ಬೇಕಾದವು. ಅಕ್ಕ ಅದನ್ನು ತನ್ನ ಗಟಾರ ನೋಡಿ ಕಲಿತಿದ್ದಳು. ತೂಕಡಿಸುತ್ತಿದ್ದವರು ಯಾರೆಂದು ಮಾಸ್ತರರನ್ನು ಕೇಳುವ ಧೈರ್ಯ ನನಗಾಗಲಿಲ್ಲ.

ಮಾಸ್ತರರು ಸೋಲೊಪ್ಪದೆ ತಮ್ಮ ಕೊನೆಯ ಬಾಣ ಬಿಟ್ಟರು. "ಅಕ್ಕಾ, ದೂರದ ಮಾತು ಬೇಡ, ನಮ್ಮ ಜಿಲ್ಲೆಯದೇ ಕೇಳು. ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ರೈತರೇ ವಂತಿಗೆ ಕೂಡಿಸಿ, ಮೈಮುರಿದು ದುಡಿದು, 1989ರಲ್ಲಿ ಶ್ರಮಬಿಂದು ಸಾಗರ ಬ್ಯಾರೇಜು ಕಟ್ಟಿದರು. ಅವರ ಮುಂದಾಳಾಗಿದ್ದ ಸಿದ್ದು ನ್ಯಾಮಗೌಡರು 1991ರಲ್ಲಿ ಲೋಕಸಭೆಗೆ ನಿಂತರು. ಎದುರಿಗೆ ಯಾರಿದ್ದರು? ಹಿಂದೆ ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆಯವರು! ಬಾಗಲಕೋಟೆಯ ಮತದಾರರು ಹೆಗಡೆಯವರನ್ನು ಸೋಲಿಸಿ ಬ್ಯಾರೇಜ್ ಸಿದ್ದುವನ್ನು ದಿಲ್ಲಿಗೆ ಕಳಿಸಲಿಲ್ಲವೇ?"

"ಅವರು ನಿಂತದ್ದು ಕಾಂಗ್ರೆಸ್ಸಿನ ಟಿಕೀಟಿನ ಮೇಲೆ" ಎಂದು ವಕೀಲರು ನಡುವೆ ಬಾಯಿ ಹಾಕಿದರು. "1983ರಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದವರು ಹೆಗಡೆಯವರೇ. ಯಾರು ಬೇರೂರಿದವರು, ಯಾರು ಬೇರು ಕೀಳುವವರು ಎಂಬುದು ಹತ್ತು ವರ್ಷಕ್ಕೊಮ್ಮೆ ಅದಲುಬದಲಾಗುತ್ತದೆ." ಮಾತು ಸರಿಯಾದದ್ದೇ, ಆದರೆ ನಮ್ಮ ಕಡೆಯ ವಕೀಲರು ನಮ್ಮ ವಿರುದ್ಧವೇ ವಾದಿಸುವುದು ನನಗೆ ಸರಿಬರಲಿಲ್ಲ.

ಅಕ್ಕನಿಗೆ ಟಿಕೀಟಿನ ಗೊಡವೆ ಇರಲಿಲ್ಲ. "ಆ ಮನುಷ್ಯ ಮೊದಲು ನೀರು ನಿಲ್ಲಿಸಿ ಆಮೇಲೆ ತಾನು ನಿಂತ. ನೀವು ನಾಲ್ವರು ಏನು ನಿಲ್ಲಿಸಿದ್ದೀರಿ? ಮೂರು ತಾಸಿನಿಂದ ಈ ಬಾಕು ಹಿಡಿದುಕೊಂಡು ನನ್ನ ಗಿರಾಕಿಗಳನ್ನು ಹೊರಗೆ ನಿಲ್ಲಿಸಿದ್ದೀರಿ." ಅಷ್ಟಕ್ಕೇ ಬಿಡದೆ, ಹೋದ ವರ್ಷ ಸೊಸೆಗೆ ಹೆರಿಗೆ ಬೇನೆ ಕಾಣಿಸಿಕೊಂಡ ರಾತ್ರಿ ಎರಡು ಗಂಟೆಗೆ ಸಾಹುಕಾರರ ಮನೆಯಲ್ಲಿ ಫೋನ್ ಎತ್ತಿದರೆಂದೂ, ಅದೇ ರಾತ್ರಿ ತಾನು ಮಾಸ್ತರರಿಗೂ ಫೋನ್ ಮಾಡಿದ್ದೆನೆಂದೂ ನೆನಪಿಸಿದಳು. ಮಾಸ್ತರರು ಕುಳಿತುಕೊಂಡರು.

ಅಷ್ಟರಲ್ಲಿ ಗೌಡರ ಫೋನ್ ಬಾರಿಸಿತು. ಅವರು ತಟ್ಟನೆ ಎದ್ದು ನಿಂತು, ಟೊಪ್ಪಿಗೆಯನ್ನು ಸರಿಪಡಿಸಿಕೊಂಡು, "ಹೌದು ಧಣಿ, ಆಗಲಿ ಧಣಿ" ಎಂದು ಕಾಣದ ಮುಖಕ್ಕೆ ನಾಲ್ಕು ಸಲ ತಲೆಬಾಗಿದರು. ಸಾಹುಕಾರರ ಸಕ್ಕರೆ ಕಾರ್ಖಾನೆಯಿಂದ ಅವರ ಆರು ಎಕರೆಗೆ ಕಟಾವಿನ ಪಾಳಿ ಬಂದಿತ್ತು, ಮರುದಿನ ಮುಂಜಾನೆ ಗ್ಯಾಂಗು ಹೊಲಕ್ಕೆ ಇಳಿಯುವುದಿತ್ತು. "ಈ ಹಂಗಾಮು ಒಂದು ದಾಟಲಿ" ಎಂದರು ಗೌಡರು. ಮಾಸ್ತರರಿಗೂ ಸೊಸೆಯ ವರ್ಗಾವಣೆಯ ಕಾಗದ ಸಾಹುಕಾರರ ಮೇಜಿನ ಮೇಲಿರುವುದು ನೆನಪಾಯಿತು. ಸಾಹುಕಾರರ ಹುಟ್ಟುಹಬ್ಬದ ಹದಿನೆಂಟು ಬ್ಯಾನರುಗಳು ನನ್ನ ಪ್ರೆಸ್ಸಿನಲ್ಲಿ ಒಣಗುತ್ತಿರುವ ಸಂಗತಿಯನ್ನು ನಾನು ಯಾರಿಗೂ ಹೇಳಲಿಲ್ಲ.

ಅಕ್ಕ ಉದ್ರಿ ಪುಸ್ತಕ ತೆರೆದಳು. ಸಾಹುಕಾರರ ಕಡೆಯವರದು ಅದರಲ್ಲಿ ಒಂದು ಸಾಲೂ ಇರಲಿಲ್ಲ, ನಮ್ಮವು ಎರಡು ಪುಟ ತುಂಬಿದ್ದವು. ನಾವು ಜೇಬು ತಡವಿಕೊಳ್ಳುತ್ತಿರುವಾಗಲೇ ಪಕ್ಕದ ಬಾಕಿನ ಷಡ್ಡಕ ಎದ್ದು, ತನ್ನ ಗಿರ್ಮಿಟ್ಟಿನ ಜೊತೆಗೆ ನಮ್ಮ ಅಂದಿನ ಚಹಾದ ದುಡ್ಡನ್ನೂ ಕೊಟ್ಟು, "ಹಿರಿಯರು ಏನೋ ಬಹಳ ಹೊತ್ತಿನಿಂದ ಮಾತನಾಡುತ್ತಿದ್ದಿರಿ?" ಎಂದು ವಿನಯದಿಂದಲೇ ಕೇಳಿದ.

"ಮಳೆಯ ವಿಷಯ, ತಮ್ಮಾ" ಎಂದರು ಮಾಸ್ತರರು. ಆಗ ಪುಷ್ಯ ಮಾಸ ನಡೆದಿತ್ತು.