ಸಹಾಯ ಬೇಕು: ಟಿಬಿ ಮಾತ್ರೆ ಜೊತೆ ವಾರ್ಫರಿನ್ (ರಕ್ತ ಹೆಪ್ಪುಗಟ್ಟೋದನ್ನ ತಡೆಯೋ ಮಾತ್ರೆ), ಐಎನ್‌ಆರ್ (ರಕ್ತ ಹೆಪ್ಪುಗಟ್ಟೋಕೆ ಹಿಡಿಯೋ ಸಮಯದ ಅಳತೆ) ಏರ್ತಾನೇ ಇಲ್ಲ

ಎಆರ್‌ಟಿ (ಎಚ್‌ಐವಿ ಚಿಕಿತ್ಸೆ), ಮೆಡಿಸಿನ್ ವಿಭಾಗದವರು ದಯವಿಟ್ಟು ನೋಡಿ. ಎಚ್‌ಐವಿ ಇರುವ ರೋಗಿ, ತೂಕ 60 ಕೆಜಿ, ಸಿಡಿ4 (ರೋಗನಿರೋಧಕ ಕೋಶಗಳ ಎಣಿಕೆ) 140. ಟಿಎಲ್‌ಡಿ (ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಸೇರಿದ ಎಚ್‌ಐವಿ ಮಾತ್ರೆ) ನಡೀತಿದೆ. ಶ್ವಾಸಕೋಶದ ಟಿಬಿಗೆ ರಿಫಾಂಪಿಸಿನ್ ಇರೋದ್ರಿಂದ ಡೊಲುಟೆಗ್ರಾವಿರ್ 50 ಮಿ.ಗ್ರಾಂ ದಿನಕ್ಕೆ ಎರಡು ಸಲ. ಎಡಗಾಲು ಊದಿ, ಡಾಪ್ಲರ್ ಸ್ಕ್ಯಾನ್‌ನಲ್ಲಿ ತೊಡೆಯ ಆಳದ ಅಭಿಧಮನಿಯಲ್ಲಿ ಹೆಪ್ಪು ಸಿಕ್ಕಿದೆ. ಎಚ್‌ಐವಿ, ಟಿಬಿ ಎರಡರ ಉರಿಯೂತ, ಮೇಲೆ ಹಾಸಿಗೆ ಹಿಡಿದದ್ದು. ಹೆಪ್ಪುಗಟ್ಟೋಕೆ ಇಷ್ಟು ಸಾಕು.

ಹೆಪ್ಪು ತಡೆಯೋ ಇಂಜೆಕ್ಷನ್ ಎನಾಕ್ಸಪ್ಯಾರಿನ್ 60 ಮಿ.ಗ್ರಾಂ 12 ಗಂಟೆಗೊಮ್ಮೆ ಕೊಡ್ತಿದೀವಿ. ವಾರ್ಫರಿನ್ 5ರಿಂದ 10 ಮಿ.ಗ್ರಾಂಗೆ ಏರಿಸಿದರೂ ಐಎನ್‌ಆರ್ 1.4 ದಾಟ್ತಿಲ್ಲ, ಬೇಕಿರೋದು 2ರಿಂದ 3. ಮಾತ್ರೆ ತಪ್ಪಿಸ್ತಿಲ್ಲ, ನಮ್ಮೆದುರೇ ನುಂಗಿಸ್ತೀವಿ. ರಿಫಾಂಪಿಸಿನ್ ಲಿವರ್ ಕಿಣ್ವಗಳನ್ನ ಚುರುಕು ಮಾಡಿ ವಾರ್ಫರಿನ್‌ನ ಬೇಗ ಖಾಲಿ ಮಾಡ್ತಿದೆ, ಅದು ಗೊತ್ತು. ಹೆಪ್ಪು ತಡೆಯೋ ಬೇರೆ ಮಾತ್ರೆಗಳಾದ ರಿವರೊಕ್ಸಬಾನ್, ಅಪಿಕ್ಸಬಾನ್, ಡಾಬಿಗಟ್ರಾನ್ ಮಟ್ಟವೂ ಇಳಿಯುತ್ತೆ, ಅದಕ್ಕೇ ಅವನ್ನ ಮುಟ್ಟಿಲ್ಲ.

ಗೊಂದಲ ಇಲ್ಲಿದೆ. ವಾರ್ಫರಿನ್ ಇನ್ನೂ ಏರಿಸಬಹುದು. ಆದರೆ ರಿಫಾಂಪಿಸಿನ್ ನಿಂತ ಎರಡು ಮೂರು ವಾರದಲ್ಲಿ ಕಿಣ್ವ ಮೊದಲಿನಂತಾಗುತ್ತೆ, ಆಗ ಅದೇ ಡೋಸ್‌ಗೆ ರಕ್ತಸ್ರಾವ ಆಗಬಹುದು. ರೋಗಿಯ ಊರಲ್ಲಿ ಐಎನ್‌ಆರ್ ನೋಡೋ ಲ್ಯಾಬ್ ಇಲ್ಲ. ಇಂಜೆಕ್ಷನ್ನೇ ಮುಂದುವರಿಸೋಣ ಅಂದ್ರೆ ಅದು ಕಿಡ್ನಿ ಮೂಲಕ ಹೊರಹೋಗುತ್ತೆ, ಜೊತೆಗೆ ಕಿಡ್ನಿಗೆ ಪೆಟ್ಟು ಕೊಡಬಲ್ಲ ಟೆನೊಫೊವಿರ್ ಇದೆ, ಕಿಡ್ನಿ ಮೇಲೆ ಕಣ್ಣಿಡಬೇಕು. ಕಿಡ್ನಿ ಸ್ಥಿತಿ ತೋರಿಸೋ ಕ್ರಿಯಾಟಿನಿನ್ 0.9ರಿಂದ 1.1 ಆಗಿದೆ (ಇಷ್ಟನ್ನ ಡೊಲುಟೆಗ್ರಾವಿರ್ ಒಂದೇ ಏರಿಸುತ್ತೆ, ಕಿಡ್ನಿಗೆ ಪೆಟ್ಟಾಗಿರಲೇಬೇಕಿಲ್ಲ).

ಟಿಬಿ ಕೋರ್ಸ್ ಮುಗಿಯೋವರೆಗೆ ಎನಾಕ್ಸಪ್ಯಾರಿನ್ ಒಂದರಲ್ಲೇ ನಡೆಸೋದಾ, ರಿಫಾಂಪಿಸಿನ್ ಬದಲು ಕಿಣ್ವಗಳನ್ನ ಅಷ್ಟು ಚುರುಕು ಮಾಡದ ರಿಫಾಬುಟಿನ್‌ಗೆ ಬದಲಿಸೋದಾ, ಇಲ್ಲಾ ವಾರ್ಫರಿನ್ ಏರಿಸೋದಾ? ಏರಿಸಿದವರಿದ್ದರೆ, ರಿಫಾಂಪಿಸಿನ್ ನಿಲ್ಲಿಸಿದ ಮೇಲೆ ಡೋಸ್ ಯಾವ ಹಂತದಲ್ಲಿ ಇಳಿಸಿದಿರಿ, ಐಎನ್‌ಆರ್ ಎಷ್ಟು ದಿನಕ್ಕೊಮ್ಮೆ ನೋಡಿದಿರಿ?