ಸೋಲಾರ್ ಸ್ಟ್ರಿಂಗ್: ‘ಸಾಲು’ ಅನ್ನೋದಾ, ‘ಸರ’ ಅನ್ನೋದಾ? ಜೊತೆಗೆ ‘ಕಾವು’

ಗೆಳೆಯರೇ, ನಮಸ್ಕಾರ.

ಸೋಲಾರ್ ಪ್ಯಾನೆಲ್ ಕೂರಿಸುವವರಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ‘ಸ್ಟ್ರಿಂಗ್’ ಬಂದಲ್ಲೆಲ್ಲ ಮೊದಲು ‘ಸಾಲು’ ಎಂದು ಹಾಕಿದ್ದೆ. ಕರಡು ಓದಿದ ವೈರಿಂಗ್ ಹುಡುಗ ಕೇಳಿದ: “ಮೇಲಿನ ಸಾಲಾ, ಕೆಳಗಿನ ಸಾಲಾ?” ಅವನಿಗೆ ಕಂಡಿದ್ದು ಸ್ಟ್ಯಾಂಡಿನ ಮೇಲೆ ಪ್ಯಾನೆಲ್‌ಗಳು ಕೂತಿರುವ ಸಾಲು. ನಾನು ಹೇಳಹೊರಟಿದ್ದು ಒಂದರ ಪ್ಲಸ್ಸಿಗೆ ಇನ್ನೊಂದರ ಮೈನಸ್ ಸೇರಿಸುತ್ತ ಹೋಗುವ ಜೋಡಣೆ. ಎರಡು ಸಾಲು ಸೇರಿ ಒಂದೇ ಸ್ಟ್ರಿಂಗ್ ಆಗಬಹುದು. ಹಾಗಾಗಿ ಈಗ ‘ಸರ’ ಎಂದು ಬದಲಿಸಿದ್ದೇನೆ. ಮಣಿಸರದ ಹಾಗೆ ಎಲ್ಲಕ್ಕೂ ಒಂದೇ ದಾರ. ‘ಸರಣಿ ಜೋಡಣೆ’ಗೂ ಕಿವಿಗೆ ಹತ್ತಿರ.

‘ಸೈಜಿಂಗ್’ಗೆ ‘ಅಳತೆ’ ಬೇಡ. ‘ಸರಕ್ಕೆ ಎಷ್ಟು ಪ್ಯಾನೆಲ್’ ಅಂದರೆ ಸಾಕು.

ನನಗೆ ನಿಜವಾಗಿ ತೊಡಕಾಗಿರುವುದು ‘ಬಿಸಿಲು’. “ಬಿಸಿಲು ಜಾಸ್ತಿ ಆದಷ್ಟೂ ವೋಲ್ಟೇಜ್ ಜಾಸ್ತಿ ಅಲ್ವಾ?” ಎಂದು ಬಹಳ ಜನ ಕೇಳುತ್ತಾರೆ. ನಮ್ಮ ಬಿಸಿಲಿನಲ್ಲಿ ಬೆಳಕೂ ಇದೆ, ಬಿಸಿಯೂ ಇದೆ. ಪ್ಯಾನೆಲ್ಲಿಗೆ ಅವೆರಡೂ ಬೇರೆ. ಬೆಳಕು ಹೆಚ್ಚಿದರೆ ಮುಖ್ಯವಾಗಿ ಆಂಪಿಯರ್ ಏರುತ್ತದೆ. ಬಿಸಿ ಹೆಚ್ಚಿದರೆ ವೋಲ್ಟೇಜ್ ಇಳಿಯುತ್ತದೆ. ಚಳಿಗಾಲದ ಬೆಳಗ್ಗೆ, ಸೂರ್ಯ ಮೇಲೆದ್ದು ಪ್ಯಾನೆಲ್ ಇನ್ನೂ ತಣ್ಣಗಿರುವಾಗಲೇ ವೋಲ್ಟೇಜ್ ತುದಿ ಮುಟ್ಟುವುದು.

ಪ್ಯಾನೆಲ್ ಹಿಂದಿನ ಚೀಟಿಯಲ್ಲಿ ಲೋಡ್ ಇಲ್ಲದಾಗ 50 ವೋಲ್ಟ್ ಎಂದಿದೆ ಅನ್ನಿ. ಅದು 25 ಡಿಗ್ರಿಯ ಲೆಕ್ಕ. ಡಿಗ್ರಿಗೆ ಶೇ. 0.27ರಂತೆ, 5 ಡಿಗ್ರಿಗೆ ಇಳಿದಾಗ ಅದು 52.7 ಆಗುತ್ತದೆ. ಸರದಲ್ಲಿ ಪ್ಯಾನೆಲ್‌ಗಳ ವೋಲ್ಟೇಜ್ ಒಂದಕ್ಕೊಂದು ಕೂಡುತ್ತ ಹೋಗುತ್ತದೆ. ಇನ್ವರ್ಟರ್ ತಾಳುವ ಮಿತಿ 1000 ವೋಲ್ಟ್ ಅನ್ನಿ. ಚೀಟಿ ನಂಬಿದರೆ ಸರಕ್ಕೆ 20 ಪ್ಯಾನೆಲ್. ಆದರೆ 19 ಹಾಕಿದರೂ 1001.3 ವೋಲ್ಟ್! 18ಕ್ಕೇ ನಿಲ್ಲಿಸಬೇಕು, ಇಲ್ಲದಿದ್ದರೆ ಇನ್ವರ್ಟರ್ ಕೆಡಬಹುದು. ತೀರಾ ಕಡಿಮೆ ಹಾಕುವಂತೆಯೂ ಇಲ್ಲ. ಪ್ಯಾನೆಲ್ 65 ಡಿಗ್ರಿ ಕಾದಾಗ ವೋಲ್ಟೇಜ್ ಕುಸಿದು, ಇನ್ವರ್ಟರಿಗೆ ಬೇಕಾದಷ್ಟು ಸಿಗದೆ ಹೋಗುತ್ತದೆ. ಇಷ್ಟೆಲ್ಲ ಇರುವಾಗ ‘ಬಿಸಿಲು’ ಎಂದು ಸುಮ್ನೆ ಬರೆದುಬಿಡಲು ಮನಸ್ಸು ಬರುತ್ತಿಲ್ಲ.

ಸುತ್ತಲ ಗಾಳಿಗೆ ‘ಉಷ್ಣಾಂಶ’, ಪ್ಯಾನೆಲ್ಲಿಗೆ ‘ಕಾವು’ ಎಂದು ಬೇರೆ ಮಾಡಿದ್ದೇನೆ. ‘ಪ್ಯಾನೆಲ್ ಕಾವು 65 ಡಿಗ್ರಿ’ ಚೆನ್ನಾಗಿಯೇ ಕೂರುತ್ತದೆ. ಮೊಟ್ಟೆಗೆ ಕಾವು ಕೊಡುವ ಕಾವು ಅದು, ವಸ್ತುವಿನ ಮೈಯಲ್ಲೇ ಇರುವ ಬಿಸಿ. ಆದರೆ ‘ಪ್ಯಾನೆಲ್ ಕಾವು 5 ಡಿಗ್ರಿ’ ಎಂದಾಗ ನಾಲಿಗೆ ತಡವರಿಸುತ್ತದೆ. ತಣ್ಣಗಿರುವುದಕ್ಕೂ ‘ಕಾವು’ ಎನ್ನುವ ಬಳಕೆ ನಿಮ್ಮ ಕಡೆ ಇದೆಯೇ? ಅಥವಾ ತಂಪು–ಬಿಸಿ ಎರಡಕ್ಕೂ ಒಗ್ಗುವ ಬೇರೆ ಮಾತು ಏನಾದರೂ ಹೊಳೆಯುತ್ತದೆಯೇ?