1936ರ ಬರ್ಲಿನ್ ಮ್ಯಾರಥಾನ್ ಗೆದ್ದವರು ಯಾವ ದೇಶದವರು? ಕ್ವಿಜ್‌ಗೆ ಉತ್ತರ ಬೇಕು

ಕ್ವಿಜ್_ಹುಚ್ಚ:

ನಮ್ಮ ಕಾಲೇಜಿನ ಕ್ವಿಜ್‌ನಲ್ಲಿ ಒಲಿಂಪಿಕ್ಸ್ ರೌಂಡ್ ನನ್ನ ಪಾಲಿಗೆ ಬಂದಿದೆ. 1936ರ ಮ್ಯಾರಥಾನ್ ಚಿನ್ನ ಯಾರಿಗೆ ಬಂತು ಅಂತ ಕೇಳೋಣ ಅಂದುಕೊಂಡೆ. ಒಂದು ಕಡೆ ‘ಸೋನ್ ಕಿತೇ, ಜಪಾನ್’ ಅಂತಿದೆ. ಇನ್ನೊಂದು ಕಡೆ ‘ಸೋನ್ ಕೀ-ಚಂಗ್, ಕೊರಿಯಾ’ ಅಂತಿದೆ. ಇಬ್ಬರೂ ಒಬ್ಬರೇ ಅಂತ ಗೊತ್ತಾಯಿತು. ಆದರೆ ಯಾವ ಉತ್ತರಕ್ಕೆ ಮಾರ್ಕ್ಸ್ ಕೊಡಲಿ? ನಮ್ಮಲ್ಲಿ ಒಂದು ಮಾರ್ಕಿಗೆ ಅರ್ಧ ಗಂಟೆ ಜಗಳ ಆಡುವ ಜನ ಇದ್ದಾರೆ.

ದಾಖಲೆ_ದಾಸ:

ಅಧಿಕೃತ ಉತ್ತರ ಜಪಾನ್. ಕೊರಿಯಾ 1910ರಿಂದ 1945ರವರೆಗೆ ಜಪಾನಿನ ಕೈಯಲ್ಲಿತ್ತು. ಓಡಬೇಕು ಅಂದರೆ ಜಪಾನಿನ ತಂಡದಲ್ಲೇ ಓಡಬೇಕಿತ್ತು. ‘ಸೋನ್ ಕಿತೇ’ ಅನ್ನುವುದು ಅದೇ ಹೆಸರಿನ ಜಪಾನಿ ಉಚ್ಚಾರ. 2011ರಲ್ಲಿ ಒಲಿಂಪಿಕ್ ಸಮಿತಿ ತನ್ನ ಸೈಟಿನಲ್ಲಿ ಕೊರಿಯನ್ ಹೆಸರನ್ನೂ ಹಿನ್ನೆಲೆಯನ್ನೂ ಸೇರಿಸಿತು. ಪದಕ ಮಾತ್ರ ಇವತ್ತಿಗೂ ಜಪಾನಿನ ಲೆಕ್ಕದಲ್ಲೇ ಇದೆ. ಜಪಾನ್ ಅಂದವರಿಗೆ ಮಾರ್ಕ್ಸ್ ಕೊಡಿ, ಮುಗಿಯಿತು.

ಪಿಟಿ_ಮೇಷ್ಟ್ರು_ಹಾಸನ:

ದಾಸರು ಹೇಳಿದ್ದು ಸರಿ. ಆದರೆ ಅಷ್ಟಕ್ಕೇ ಮುಗಿಸಿದರೆ ನನಗೆ ರಾತ್ರಿ ನಿದ್ದೆ ಬರೋದಿಲ್ಲ.

ಮೊದಲು ಓಟದ ವಿಷಯ. ಧ್ವಜದ ಕಥೆ ಎಲ್ಲರೂ ಹೇಳುತ್ತಾರೆ, ಓಟವನ್ನು ಯಾರೂ ಹೇಳೋದಿಲ್ಲ. 1936ರ ಆಗಸ್ಟ್ 9. ಹಿಂದಿನ ಸಲದ ಚಾಂಪಿಯನ್ ಅರ್ಜೆಂಟೀನಾದ ಜಬಾಲಾ ಶುರುವಿನಲ್ಲೇ ಬಾಣದ ಹಾಗೆ ಹೊರಟುಬಿಟ್ಟ. ಸೋನ್ ಅವನ ಬೆನ್ನು ಹತ್ತಬಹುದಿತ್ತು. ಪಕ್ಕದಲ್ಲಿ ಓಡುತ್ತಿದ್ದ ಬ್ರಿಟನ್ನಿನ ಅರ್ನಿ ಹಾರ್ಪರ್, ‘ನಿಧಾನ, ಅವನನ್ನು ಬಿಟ್ಟುಬಿಡು’ ಅಂತ ಸನ್ನೆ ಮಾಡಿದ. ಎದುರಾಳಿ ಕೊಟ್ಟ ಸಲಹೆ! ಸೋನ್ ಕೇಳಿದ. 28 ಕಿಲೋಮೀಟರ್ ಹತ್ತಿರ ಇಬ್ಬರೂ ಜಬಾಲಾನನ್ನು ದಾಟಿದರು, ಆಮೇಲೆ ಅವನು ಓಟವನ್ನೇ ಬಿಟ್ಟ. ಸೋನ್ 2 ಗಂಟೆ 29 ನಿಮಿಷ 19 ಸೆಕೆಂಡಿಗೆ ಗುರಿ ಮುಟ್ಟಿದ. ಹಾರ್ಪರ್ ಎರಡನೆಯವನು. ಮೂರನೆಯವನು ಇನ್ನೊಬ್ಬ ಕೊರಿಯನ್, ನಾಮ್ ಸುಂಗ್-ಯೊಂಗ್.

ಈ ಟೈಮಿಂಗ್ ನಿಮಗೆ ಸುಮ್ನೆ ಒಂದು ಅಂಕಿ ಅನಿಸಬಹುದು. ಶಾಲೆಯ 400 ಮೀಟರ್ ಟ್ರ್ಯಾಕಿನ ಲೆಕ್ಕದಲ್ಲಿ ಹೇಳುತ್ತೇನೆ. ಒಂದು ಸುತ್ತಿಗೆ 85 ಸೆಕೆಂಡ್. ಅಂಥ ಸುತ್ತು ನೂರೈದೂವರೆ, ನಡುವೆ ಎಲ್ಲೂ ನಿಲ್ಲುವ ಹಾಗಿಲ್ಲ. ನನ್ನ ಹುಡುಗರಿಗೆ ವಿಸಿಲ್ ಊದಿ ಈ ವೇಗದಲ್ಲಿ ಓಡಿಸಿ ನೋಡಿದ್ದೇನೆ. ನಾಲ್ಕನೇ ಸುತ್ತಿಗೆ ಶೂ ಲೇಸ್ ಕಟ್ಟುವ ನೆಪ ಹುಡುಕುತ್ತಾರೆ.

ಇನ್ನು ಪೋಡಿಯಂ. ಬರ್ಲಿನ್‌ನಲ್ಲಿ ಚಿನ್ನ ಗೆದ್ದವರಿಗೆ ಕುಂಡದಲ್ಲಿ ಒಂದು ಓಕ್ ಸಸಿಯನ್ನೂ ಕೊಡುತ್ತಿದ್ದರು. ಸೋನ್ ಅದನ್ನು ಎದೆಗೆ ಹಿಡಿದುಕೊಂಡು ಬನಿಯನ್ ಮೇಲಿದ್ದ ಜಪಾನಿನ ಸೂರ್ಯನನ್ನು ಮರೆಮಾಡಿದ. ಫೋಟೋ ಸಿಕ್ಕರೆ ನೋಡಿ. ಗೆದ್ದವನು ತಲೆ ತಗ್ಗಿಸಿ ನಿಂತಿದ್ದಾನೆ, ಮೂರನೆಯವನೂ ತಗ್ಗಿಸಿದ್ದಾನೆ. ನಾಮ್ ಆಮೇಲೆ ಹೇಳಿಕೊಂಡನಂತೆ, ಸೋನ್‌ಗೆ ಚಿನ್ನ ಸಿಕ್ಕಿತು ಅಂತ ತನಗೆ ಹೊಟ್ಟೆಕಿಚ್ಚಿರಲಿಲ್ಲ, ಮುಚ್ಚಿಕೊಳ್ಳೋಕೆ ಅವನಿಗೆ ಒಂದು ಸಸಿ ಸಿಕ್ಕಿತಲ್ಲ ಅಂತ ಹೊಟ್ಟೆ ಉರಿಯಿತು ಅಂತ. ಊರಿಗೆ ಸುದ್ದಿ ಬಂದಮೇಲೆ ಡೊಂಗ್-ಆ ಇಲ್ಬೊ ಪತ್ರಿಕೆಯವರು ಫೋಟೋದಲ್ಲಿದ್ದ ಆ ಧ್ವಜವನ್ನೇ ಅಳಿಸಿ ಅಚ್ಚು ಹಾಕಿದರು. ಜಪಾನಿ ಆಡಳಿತದವರು ಪತ್ರಕರ್ತರನ್ನು ಜೈಲಿಗೆ ಹಾಕಿದರು, ಪತ್ರಿಕೆಗೆ ಒಂಬತ್ತು ತಿಂಗಳು ಬೀಗ ಬಿತ್ತು.

ಜನ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ನನ್ನ ತಕರಾರು ಇರೋದೇ ಇಲ್ಲಿ. ಆಗ ಸೋನ್‌ಗೆ 23 ವಯಸ್ಸು. ತೀರಿಕೊಂಡಿದ್ದು 2002ರಲ್ಲಿ, ತೊಂಬತ್ತಾದಾಗ. ನಡುವೆ 66 ವರ್ಷ ಏನು ಮಾಡಿದ?

ಓಡುವುದನ್ನು ಕಲಿಸಿದ. 1935ರಲ್ಲಿ ಟೋಕಿಯೊದಲ್ಲಿ 2 ಗಂಟೆ 26 ನಿಮಿಷ 42 ಸೆಕೆಂಡಿಗೆ ಓಡಿ ವಿಶ್ವದಾಖಲೆ ಮಾಡಿದ್ದ. ಹನ್ನೊಂದು ವರ್ಷ ಅದನ್ನು ಯಾರೂ ಮುಟ್ಟಲಿಲ್ಲ. 1947ರ ಏಪ್ರಿಲ್‌ನಲ್ಲಿ ಬಾಸ್ಟನ್‌ನಲ್ಲಿ ಅದು ಮುರಿಯಿತು, 2 ಗಂಟೆ 25 ನಿಮಿಷ 39 ಸೆಕೆಂಡ್. ಮುರಿದವನು ಸೊ ಯುನ್-ಬೊಕ್. ಅವನ ಕೋಚ್ ಯಾರು ಗೊತ್ತಾ? ಸೋನ್ ಕೀ-ಚಂಗ್! ಆ ಓಟದಲ್ಲಿ ನಾಯಿಯೊಂದು ಅಡ್ಡ ಬಂದು ಸೊ ಬಿದ್ದ, ಮೊಣಕಾಲು ತರಚಿತು, ಎದ್ದು ಮತ್ತೆ ಓಡಿದ. ಬರ್ಲಿನ್‌ನಲ್ಲಿ ಕಂಚು ಗೆದ್ದ ನಾಮ್ ಕೂಡ ಆವತ್ತು ಅದೇ ರಸ್ತೆಯಲ್ಲಿ ಓಡಿದ, 35 ವಯಸ್ಸು ಹತ್ತಿರ ಬಂದಿದ್ದಾಗ. ಅವರಿಗೆ ಆಗ ಸ್ವಂತ ಸರ್ಕಾರವೂ ಇರಲಿಲ್ಲ. ದಕ್ಷಿಣ ಕೊರಿಯಾ ಅಂತ ಆಗಿದ್ದು 1948ರ ಆಗಸ್ಟ್‌ನಲ್ಲಿ.

1948ರಲ್ಲಿ ಲಂಡನ್‌ನಲ್ಲಿ, ಬೇಸಿಗೆ ಒಲಿಂಪಿಕ್ಸ್‌ನಲ್ಲಿ ಕೊರಿಯಾ ಮೊದಲ ಸಲ ತನ್ನ ಹೆಸರಲ್ಲಿ ಮೈದಾನಕ್ಕೆ ಬಂದಾಗ ಧ್ವಜ ಹಿಡಿದವನು ಇವನೇ. 1950ರ ಬಾಸ್ಟನ್‌ಗೂ ಹುಡುಗರನ್ನು ಕರೆದುಕೊಂಡು ಹೋದ. ಒಂದು, ಎರಡು, ಮೂರು, ಮೂರೂ ಸ್ಥಾನ ಕೊರಿಯನ್ನರಿಗೆ. ಗೆದ್ದ ಹಾಮ್ ಕೀ-ಯೊಂಗ್ ಕೊನೆಕೊನೆಗೆ ನಡೆದುಕೊಂಡು ಹೋಗಿದ್ದೂ ಉಂಟು, ಆದರೂ ಯಾರೂ ಹಿಡಿಯಲಿಲ್ಲ. ಎರಡು ತಿಂಗಳಿಗೆ ಕೊರಿಯಾ ಯುದ್ಧ ಶುರುವಾಯಿತು. ಸೋನ್ ಹುಟ್ಟೂರು ಸಿನುಇಜು ಇರುವುದು ಚೀನಾ ಗಡಿಯಲ್ಲಿ, ಈಗದು ಉತ್ತರ ಕೊರಿಯಾ.

ಒಬ್ಬ ಕೋಚ್‌ಗೆ ಇದಕ್ಕಿಂತ ಜಾಸ್ತಿ ಏನು ಬೇಕು ಸ್ವಾಮಿ? ತನ್ನ ದಾಖಲೆಯನ್ನು ತನ್ನ ಹುಡುಗನ ಕೈಯಲ್ಲೇ ಮುರಿಸಿದ. ನಾನು ನೌಕರಿ ಮಾಡಿದಷ್ಟು ಕಾಲವೂ ನೋಡಿದ್ದೇನೆ, ಹಳೆಯ ಚಾಂಪಿಯನ್‌ಗಳು ತಮ್ಮ ಟೈಮಿಂಗನ್ನು ಆಸ್ತಿಪತ್ರದ ಹಾಗೆ ಬೀರುವಿನಲ್ಲಿ ಇಟ್ಟುಕೊಂಡಿರುತ್ತಾರೆ. ಹುಡುಗರು ಹತ್ತಿರ ಬಂದರೆ ‘ನಮ್ಮ ಕಾಲದಲ್ಲಿ ಟ್ರ್ಯಾಕ್ ಹೀಗಿರಲಿಲ್ಲ’ ಅಂತ ಶುರು ಮಾಡುತ್ತಾರೆ.

ಹಾಕಿ_ಮಾವ:

ಮೇಷ್ಟ್ರೇ, ಅದೇ ಬರ್ಲಿನ್‌ನಲ್ಲಿ ನಮ್ಮವರಿಗೂ ಇದೇ ಗತಿ ಅಲ್ವಾ? ಆಗಸ್ಟ್ 15ರಂದು ಧ್ಯಾನ್ ಚಂದ್ ತಂಡ ಜರ್ಮನಿಯನ್ನು 8-1ರಿಂದ ಸೋಲಿಸಿತು. ಮೇಲೇರಿದ್ದು ಬ್ರಿಟಿಷ್ ಇಂಡಿಯಾದ ಧ್ವಜ. ಫೈನಲ್‌ಗೆ ಮೊದಲು ಡ್ರೆಸಿಂಗ್ ರೂಮಿನಲ್ಲಿ ಕಾಂಗ್ರೆಸ್ಸಿನ ತ್ರಿವರ್ಣ ಧ್ವಜಕ್ಕೆ ಸೆಲ್ಯೂಟ್ ಹೊಡೆದೇ ಮೈದಾನಕ್ಕೆ ಇಳಿದರಂತೆ.

ಪಿಟಿ_ಮೇಷ್ಟ್ರು_ಹಾಸನ:

ಹೌದು ಮಾವ. ಆದರೂ ಒಂದು ವ್ಯತ್ಯಾಸ ಇದೆ. ನಮ್ಮವರ ಪಾಲಿಗೆ ‘ಇಂಡಿಯಾ’ ಅನ್ನೋ ಹೆಸರಾದರೂ ಉಳಿದಿತ್ತು, ಆ ಚಿನ್ನ ಇವತ್ತು ನಮ್ಮ ಲೆಕ್ಕದಲ್ಲೇ ಇದೆ. ಸೋನ್‌ಗೆ ಅದೂ ಇರಲಿಲ್ಲ. ಬರ್ಲಿನ್‌ನಲ್ಲಿ ಆಟೋಗ್ರಾಫ್ ಕೇಳಿದವರಿಗೆ ಕೊರಿಯನ್ ಲಿಪಿಯಲ್ಲಿ ಸಹಿ ಹಾಕಿ, ಪಕ್ಕದಲ್ಲಿ ಕೊರಿಯಾದ ನಕ್ಷೆ ಗೀಚಿ ಕೊಡುತ್ತಿದ್ದ.

ಕ್ವಿಜ್_ಹುಚ್ಚ:

ಸರ್, ಹಾಗಾದರೆ ದಾಖಲೆಯಲ್ಲಿ ದೇಶದ ಹೆಸರು ಬದಲಾಯಿಸಬೇಕು ಅಂತೀರಾ?

ಪಿಟಿ_ಮೇಷ್ಟ್ರು_ಹಾಸನ:

ಬೇಡಪ್ಪ. ಒಬ್ಬರು ಆ ಕೆಲಸಕ್ಕೂ ಕೈ ಹಾಕಿದ್ದರು. 1970ರಲ್ಲಿ ಕೊರಿಯಾದ ಸಂಸದ ಪಾರ್ಕ್ ಯಂಗ್-ರೊಕ್ ರಾತ್ರಿ ಹೊತ್ತು ಬರ್ಲಿನ್ ಸ್ಟೇಡಿಯಂಗೆ ನುಗ್ಗಿ, ಗೆದ್ದವರ ಹೆಸರಿರುವ ಕಲ್ಲಿನಲ್ಲಿ ‘ಜಪಾನ್’ ಅನ್ನೋದನ್ನು ಉಳಿಯಿಂದ ಕೆತ್ತಿ ತೆಗೆದು ‘ಕೊರಿಯಾ’ ಅಂತ ಬರೆದುಬಿಟ್ಟ. ಜರ್ಮನಿಯವರು ಮತ್ತೆ ಮೊದಲಿನಂತೆ ಮಾಡಿಸಿದರು. ಆ ಮನುಷ್ಯನ ಧೈರ್ಯಕ್ಕೆ ನಾನೂ ಚಪ್ಪಾಳೆ ಹೊಡೆಯುತ್ತೇನೆ. ಆದರೆ ‘ಜಪಾನ್’ ಅಂತ ಬರೆದಿರುವುದರಿಂದಲೇ ನೀನು ಇವತ್ತು ಇಲ್ಲಿ ಬಂದು ಕೇಳಿದೆ. ‘ಕೊರಿಯಾ’ ಅಂತಿದ್ದಿದ್ದರೆ ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋಗುತ್ತಿದ್ದೆ.

ಪ್ರಶ್ನೆಯನ್ನೇ ತಿರುಗಿಸು. ‘1947ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಸೊ ಯುನ್-ಬೊಕ್ ಮುರಿದ ವಿಶ್ವದಾಖಲೆ ಯಾರದು?’ ಅಂತ ಕೇಳು. ಯಾವ ದೇಶ ಅನ್ನೋ ಜಗಳವೇ ಇಲ್ಲ.

ದಾಖಲೆ_ದಾಸ:

ಈ ಪ್ರಶ್ನೆ ಚೆನ್ನಾಗಿದೆ, ಒಪ್ಪಿದೆ. ಇನ್ನೊಂದೂ ಇಟ್ಟುಕೊಳ್ಳಿ. ಬರ್ಲಿನ್‌ನ ಓಟ ಗೆದ್ದವರಿಗೆ ಅಂತ ಗ್ರೀಸಿನ ಪತ್ರಿಕೆಯೊಂದು ಪುರಾತನ ಕೊರಿಂಥ್ ಶಿರಸ್ತ್ರಾಣವನ್ನು ಬಹುಮಾನ ಕೊಟ್ಟಿತ್ತು. ಹವ್ಯಾಸಿ ಆಟಗಾರರಿಗೆ ಪದಕ ಬಿಟ್ಟು ಬೇರೇನೂ ಕೊಡಬಾರದು ಅನ್ನೋ ನಿಯಮ ಅಡ್ಡ ಬಂದು ಅದು ಬರ್ಲಿನ್‌ನ ಮ್ಯೂಸಿಯಂ ಸೇರಿತು. ಸೋನ್ ಕೈಗೆ ಬಂದಿದ್ದು 1986ರಲ್ಲಿ, 50 ವರ್ಷ ಆದಮೇಲೆ. ಅವನು ಅದನ್ನೂ ಮನೆಯಲ್ಲಿ ಇಟ್ಟುಕೊಳ್ಳಲಿಲ್ಲ, 1994ರಲ್ಲಿ ಕೊರಿಯಾದ ರಾಷ್ಟ್ರೀಯ ಮ್ಯೂಸಿಯಂಗೆ ಕೊಟ್ಟ.

ಕ್ವಿಜ್_ಹುಚ್ಚ:

ಎರಡೂ ಹಾಕಿಕೊಂಡೆ, ಥ್ಯಾಂಕ್ಸ್. ಕೊನೆಗೊಂದು ಪ್ರಶ್ನೆ ಸರ್. ಫೋಟೋದಲ್ಲಿ ಅವನ ಕಾಲಲ್ಲಿರುವ ಶೂ ವಿಚಿತ್ರವಾಗಿದೆ. ಹೆಬ್ಬೆರಳು ಬೇರೆ, ಉಳಿದ ಬೆರಳು ಬೇರೆ.

ಪಿಟಿ_ಮೇಷ್ಟ್ರು_ಹಾಸನ:

ಅದು ಜಪಾನಿನ ತಾಬಿ. ಬಟ್ಟೆಯದು, ಅಡಿಗೆ ರಬ್ಬರ್. ಓಟಗಾರರಿಗೆ ಅಂತ ಅದನ್ನು ಮಾಡಿಸಿದವನು ಕಾನಾಕುರಿ ಶಿಜೊ. 1912ರ ಸ್ಟಾಕ್‌ಹೋಮ್ ಮ್ಯಾರಥಾನ್‌ನಲ್ಲಿ ಬಿಸಿಲಿಗೆ ತಲೆ ತಿರುಗಿ ಅರ್ಧಕ್ಕೇ ನಿಂತು, ಯಾರಿಗೂ ಹೇಳದೆ ಊರಿಗೆ ಹೋದವನು. ಸ್ವೀಡನ್ನಿನವರು 1967ರಲ್ಲಿ ವಾಪಸ್ ಕರೆಸಿ ಆ ಓಟ ಪೂರ್ತಿ ಮಾಡಿಸಿದರು. ಅವನದೇ ಬೇರೆ ಕಥೆ, ಬೇರೆ ಪೋಸ್ಟ್ ಹಾಕು, ಬರೆಯುತ್ತೇನೆ.